ಟಿಫನ್ ಡಬ್ಬಿಯವರ ಸನ್ನಿಧಾನಕ್ಕೆ

ಮಹಾಮಹಿಮರಾದ ಶ್ರೀ ಸ್ಟೀಲ್ ಟಿಫನ್ ಡಬ್ಬಿಯವರಿಗೆ,

ಇಬ್ಬರು ಮಕ್ಕಳ ತಾಯಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. (ಹೆಂಗಸರು ಸಾಷ್ಟಾಂಗ ಹಾಕಬಾರದಂತೆ. ತಮ್ಮ ಮುಚ್ಚಳ ಫ್ರಿಜ್ಜಿನಡಿಗೆ ಉರುಳಿದಾಗಲೆಲ್ಲ ನಾನು ಹಾಕುತ್ತಲೇ ಇದ್ದೇನೆ.)

ತಾವು ಮನೆಗೆ ಬಂದ ಮೇಲೆ ನನ್ನ ಭಕ್ತಿ ಒಂದೇ ಕಡೆ ನೆಲೆ ನಿಂತಿದೆ. ಮೊದಲು ಬೆಳಗ್ಗೆ ದೀಪ ಹಚ್ಚಿ ಲಲಿತಾ ಸಹಸ್ರನಾಮ ಪೂರ್ತಿ ಹೇಳುತ್ತಿದ್ದೆ. ಈಗ ನೂರು ನಾಮ ಆಗುವಷ್ಟರಲ್ಲಿ ಕುಕ್ಕರ್ ಮೂರನೇ ಸಲ ಕೂಗುತ್ತದೆ. ಮಿಕ್ಕ ಒಂಬೈನೂರನ್ನು ದೇವಿ ನನ್ನ ಲೆಕ್ಕಕ್ಕೆ ಸಾಲ ಬರೆದುಕೊಂಡಿರಬೇಕು.

ಸಂಜೆ ನಾಲ್ಕಕ್ಕೆ ತಮ್ಮ ದರ್ಶನ. ದೇವರ ಬಲಗಡೆಯಿಂದ ಹೂ ಬೀಳಲಿ ಎಂದು ಕಾಯುವವರ ಹಾಗೆ ಉಸಿರು ಬಿಗಿಹಿಡಿದು ಕ್ಲಿಪ್ಪು ತೆಗೆಯುತ್ತೇನೆ. ಚಿತ್ರಾನ್ನದಲ್ಲಿ ಕಡಲೇಬೀಜ ಮಾತ್ರ ಮಾಯ. ಕರಿಬೇವು ಗೋಡೆಗುಂಟ ಸಾಲಾಗಿ ಅಂಟಿರುತ್ತದೆ. ಕೆಳಗಿನ ಡಬ್ಬಿಯಲ್ಲಿ ಬೀನ್ಸ್ ಪಲ್ಯಕ್ಕೆ ಮಕ್ಕಳು ಚಪಾತಿ ಚೂರು ಹೊದಿಸಿ ಮಲಗಿಸಿದ್ದಾರೆ. "ಟೈಮೇ ಇರ್ಲಿಲ್ಲಮ್ಮ!" ವಿಶ್ವವಿದ್ಯಾಲಯ ಕೊಟ್ಟ ನನ್ನ ಎಂ.ಎಸ್ಸಿ. ಮೊದಲ ದರ್ಜೆಯನ್ನು ಅರ್ಧ ಡಬ್ಬಿ ಅನ್ನದಲ್ಲಿ ರದ್ದು ಮಾಡುವ ಅಧಿಕಾರ ತಮಗಲ್ಲದೆ ಇನ್ಯಾರಿಗಿದೆ? ಮೈ ಸರಿಯಿಲ್ಲದೆ ಅಂಗಡಿ ಬ್ರೆಡ್ಡಿಗೆ ಜಾಮ್ ಸವರಿ ಕಳಿಸಿದ ದಿನ ಮಾತ್ರ ತಾವು ನೆಕ್ಕಿದಷ್ಟು ಚೊಕ್ಕಟವಾಗಿ ಬಂದಿರಿ. ಆ ಅನುಗ್ರಹವನ್ನು ಮರೆಯುವುದುಂಟೆ!

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ದುಡಿಯುತ್ತಾರಂತೆ. ನನ್ನ 289ರಲ್ಲಿ ತಮ್ಮ ರಬ್ಬರ್ ವಾಷರಿನ ಸಂದಿ ಉಜ್ಜುವ ಸೇವೆಯ ಪಾಲು ದೊಡ್ಡದು. ಯಜಮಾನರ 88 ನಿಮಿಷ ನಮ್ಮ ಮನೆಗೆ ಇನ್ನೂ ತಲುಪಿಲ್ಲ. ದಾರಿಯಲ್ಲಿರಬಹುದು.

12ನೇ ಶತಮಾನದಲ್ಲಿ ಕೊಟ್ಟಣದ ಸೋಮಮ್ಮ ಭತ್ತ ಕುಟ್ಟುತ್ತಲೇ ಶರಣೆಯೆನಿಸಿಕೊಂಡರು. ಅವರ ಒನಕೆ ಸಂಜೆ ಮನೆಗೆ ಬಂದು ಅವರಿಗೆ ಮಾರ್ಕ್ಸ್ ಹಾಕುತ್ತಿರಲಿಲ್ಲ ಎನ್ನುವುದನ್ನು ತಮ್ಮ ಗಮನಕ್ಕೆ ತರಲು ಸಂಕೋಚವಾಗುತ್ತದೆ.

ಒಂದು ಅರಿಕೆ. ಶುಕ್ರವಾರ ತಾವು ದಯಮಾಡಿ ಬ್ಯಾಗಿನಲ್ಲೇ ಸಮಾಧಿಸ್ಥರಾಗಬೇಡಿ. ಹೋದ ಸಲ ಸೋಮವಾರ ಮುಚ್ಚಳ ತೆಗೆದಾಗ ಮೊಸರನ್ನಕ್ಕೆ ಗಡ್ಡ ಬಂದಿತ್ತು.

ಜೊತೆಗೆ ಒಂದು ತಪ್ಪೊಪ್ಪಿಗೆ. ಇವತ್ತು ಕಾವಲಿಯ ಮೊದಲ ದೋಸೆ ತಮಗೆ ಸಲ್ಲಲಿಲ್ಲ. ಅದನ್ನು ನಾನೇ ಕುರ್ಚಿಯಲ್ಲಿ ಕೂತು, ಬಿಸಿಬಿಸಿಯಾಗಿ, ತುಪ್ಪ ಹಾಕಿಕೊಂಡು ತಿಂದೆ. ಬಾಯಿ ಎಂಜಲಾಗಿರುವಾಗಲೇ ನೂರೊಂದನೇ ನಾಮ ನೆನಪಾಗಿ ಮನಸ್ಸಿನಲ್ಲೇ ಹೇಳಿಕೊಂಡೆ. ದೇವಿ ಬೇಡವೆನ್ನಲಿಲ್ಲ. ತಾವು ಮಾತ್ರ ಹತ್ತು ನಿಮಿಷ ಖಾಲಿ ಹೊಟ್ಟೆಯಲ್ಲಿ ಕಟ್ಟೆಯ ಮೇಲೆ ಬಾಯಿ ತೆರೆದುಕೊಂಡು ಕಾಯಬೇಕಾಯಿತು. ಕ್ಷಮೆಯಿರಲಿ.

ಇಂತಿ ತಮ್ಮ ಕೈಂಕರ್ಯದಲ್ಲಿರುವ,
ಒಬ್ಬ ಅಮ್ಮ

ವಿ.ಸೂ.: ಮಂಗಳವಾರ ತಮ್ಮ ಜೊತೆ ಹೊರಟ ಚಮಚ ಇನ್ನೂ ವಾಪಸ್ ಬಂದಿಲ್ಲ.