ಅಳಿಯಂದ್ರೇ, ಸ್ವಲ್ಪ ಹಿಡ್ಕಳಿ

ಯುಗಾದಿಯ ಮಾರನೇ ದಿನ ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಹೊಸತೊಡಕು, ಬಾಡೂಟದ ದಿನ. ಆ ದಿನ ಮಾವನ ಮನೆಗೆ ಹೋದ ಅಳಿಯನ ಬಾಯಿಗೆ ಕೆಲಸವಿರಬೇಕು, ಕೈಗಲ್ಲ. ಈ ನಂಬಿಕೆಯಿಂದಲೇ ನಾನು ಯುಗಾದಿ ಸಂಜೆ ಚನ್ನರಾಯಪಟ್ಟಣದಲ್ಲಿ ಬಸ್ಸಿಳಿದು ಊರು ಸೇರಿದೆ. ಚಪ್ಪಲಿ ಬಿಡುವುದರೊಳಗೆ ಕೈಗೆ ಕೋಳಿ ಬಂತು. ಜೀವಂತ ಕೋಳಿ. ಬೆನ್ನೆಲ್ಲ ರಕ್ತ.

"ಅಳಿಯಂದ್ರೇ, ಸ್ವಲ್ಪ ಹಿಡ್ಕಳಿ."

ಊರಿಗೊಬ್ಬ ಕೋಳಿ ಡಾಕ್ಟರು ಇದ್ದೇ ಇರುತ್ತಾರೆ. ಸಾಮಾನ್ಯವಾಗಿ ರಿಟೈರಾದವರು. ಬಿಸ್ಕತ್ತಿನ ಹಳೇ ಡಬ್ಬಿಯೊಂದು ಅವರ ಆಸ್ಪತ್ರೆ: ಹತ್ತಿ, ಸೂಜಿ ಕಿತ್ತ ಸಿರಿಂಜು, ತಳ ಕಚ್ಚಿದ ಬೀಟಾಡಿನ್, ಹೆಂಡತಿಯ ಹಳೇ ಸೀರೆಯ ಪಟ್ಟಿಗಳು. ಫೀಸು ಕೇಳುವುದಿಲ್ಲ, ಯಾರ ಸಲಹೆಯನ್ನೂ ಕೇಳುವುದಿಲ್ಲ. ಆದರೆ ತಾನೇ ಕೋಳಿ ಹಿಡಿದುಕೊಂಡ ಕೋಳಿ ಡಾಕ್ಟರನ್ನು ನಾನಂತೂ ಕಂಡಿಲ್ಲ. ಅದಕ್ಕೆ ಬೇರೆಯವರು ಬೇಕು. ನಮ್ಮ ಮಾವ ಮೂವತ್ತು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು. ಹಿಡಿಯುವವನಿಗೆ ಪಾಠವೂ ಆಗಬೇಕು.

"ಕೋಳಿ ಮೈ ಬಿಸಿ ಎಷ್ಟಿರುತ್ತೆ?"

"ಮೂವತ್ತೇಳು ಡಿಗ್ರಿ?"

"ಅದು ನಿಮ್ದು. ಅದರದ್ದು 41ರ ಆಸುಪಾಸು. ನಾನೇ ಇಟ್ಟು ನೋಡಿದೀನಿ."

ಆ ಮನೆಯಲ್ಲಿರುವುದು ಒಂದೇ ಥರ್ಮಾಮೀಟರು. ದಸರಾದಲ್ಲಿ ನನಗೆ ಜ್ವರ ಬಂದಾಗ ನಾಲಿಗೆಯಡಿ ಇಟ್ಟಿದ್ದೂ ಅದನ್ನೇ. ಕೋಳಿಗೆ ಎಲ್ಲಿ ಇಟ್ಟಿದ್ದಿರಿ ಎಂದು ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.

ಬೂದು ಬಣ್ಣದ ಹ್ಯಾಟೆ ಅದು. ಗೂಡಿಗೆ ಹೋಗುವ ಹೊತ್ತಿಗೆ ಬೀದಿನಾಯಿ ಬಾಯಿ ಹಾಕಿತ್ತು. ಒಬ್ಬಟ್ಟು ಹೆಂಚಿಗೆ ಅಂಟಿಕೊಂಡಾಗ ಮೇಲಿನ ಕಣಕ ಕಿತ್ತು ಹೂರಣ ಕಾಣುತ್ತದಲ್ಲ, ಹಾಗೆ ಬೆನ್ನಿನ ಚರ್ಮ ಹರಿದು ಒಳಗಿನ ಕೆಂಪು ಕಾಣುತ್ತಿತ್ತು. ಆ ರಾತ್ರಿ ಅತ್ತೆ ಬಡಿಸಿದ ಒಬ್ಬಟ್ಟನ್ನು ನಾನು ಮುಟ್ಟಲಿಲ್ಲ.

ಮಾವ ಜಗಲಿ ಮೇಲೆ ಒಂದು ಕಾಲು ಚಾಚಿ ಕೂತಲ್ಲಿಂದ ಏಳಲಿಲ್ಲ. ಟವೆಲ್ ತನ್ನಿ, ಕಾದಾರಿದ ನೀರು ತನ್ನಿ, ಉಪ್ಪು ತನ್ನಿ. ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡೇ ಅಡುಗೆಮನೆಗೂ ಜಗಲಿಗೂ ಓಡಾಡಿದೆ. ಮೇಷ್ಟ್ರ ದರ್ಪ ರಿಟೈರಾಗಿಲ್ಲ ಎಂದು ಒಳಗೊಳಗೇ ಬೈದುಕೊಂಡೆ. ತಲೆಗೆ ಟವೆಲ್ ಮುಚ್ಚಿಸಿದರು. ಕತ್ತಲಾದರೆ ಕೋಳಿಯ ಗಾಬರಿ ಇಳಿಯುತ್ತದಂತೆ. ನಿಜ, ಒದ್ದಾಡುತ್ತಿದ್ದದ್ದು ಮೆತ್ತಗಾಯಿತು. ಜಾರೀತೆಂದು ನಾನು ಬಿಗಿಯಾಗಿ ಅಮುಕಿದೆ. ಟವೆಲ್ಲಿನಡಿ ಕೊಕ್ಕು ಬಾಯಿಬಿಟ್ಟಿತು.

"ಅಯ್ಯೋ, ಎದೆ ಅಮುಕ್ಬೇಡಿ! ನಮ್ ಥರ ಅದಕ್ಕೆ ವಪೆ ಇಲ್ಲ. ಎದೆಗೂಡು ಆಡಿದರೇನೇ ಉಸಿರು."

ಹೀಗೆ ನಾಯಿಗೆ ತಪ್ಪಿದ ಕೊಲೆ ನನ್ನ ಪಾಲಿಗೆ ಬರುವುದರಲ್ಲಿತ್ತು.

ಗಾಯದ ಸುತ್ತಲ ಪುಕ್ಕ ಕೀಳಲಿಲ್ಲ, ಕತ್ತರಿಸಿದರು. ಕಿತ್ತರೆ ತೆಳು ಚರ್ಮ ಇನ್ನಷ್ಟು ಹರಿಯುತ್ತದೆ. ಲೀಟರಿಗೆ 9 ಗ್ರಾಂ ಲೆಕ್ಕದಲ್ಲಿ ಉಪ್ಪು ಕರಗಿಸಿ, ಸಿರಿಂಜಿನಲ್ಲಿ ಎಳೆದು ಎಳೆದು ಮಣ್ಣು ಹೋಗುವವರೆಗೆ ತೊಳೆದರು. ಬೀಟಾಡಿನ್ನನ್ನು ಟೀ ಡಿಕಾಕ್ಷನ್ ಬಣ್ಣಕ್ಕೆ ಬರುವಷ್ಟು ನೀರು ಮಾಡಿ ಹಚ್ಚಿದರು. ಬೇಲಿಯಾಚೆ ಅಷ್ಟರಲ್ಲಿ ಜನ ಸೇರಿತ್ತು. ಒಬ್ಬರು ಅರಿಶಿನ ಅಂದರು, ಒಬ್ಬರು ನಶ್ಯ ಅಂದರು. ಮೂರನೆಯವರು, ನನ್ನ ಮನಸ್ಸಿಗೆ ಹತ್ತಿರವಾದವರು, "ನಾಳೆ ಹೆಂಗೂ ಹೊಸತೊಡಕಲ್ವಾ ಮೇಷ್ಟ್ರೇ" ಅಂದರು. ಮಾವ ಕತ್ತೆತ್ತಲೂ ಇಲ್ಲ.

"ಹೊಲಿಯಲ್ವಾ ಮಾವ?"

"ನಾಯಿ ಬಾಯಿ ಗಲೀಜು. ಹೊಲಿದ್ರೆ ಒಳಗೇ ಕೀವು ಕಟ್ಟುತ್ತೆ."

ಕೋಳಿಯನ್ನು ಗೂಡಿಗೆ ಬಿಡುವಂತಿಲ್ಲ. ರಕ್ತ ಕಂಡರೆ ಜೊತೆಯವೇ ಕುಕ್ಕಿ ಕುಕ್ಕಿ ಸಾಯಿಸುತ್ತವೆ. ಹಾಗಾಗಿ ಟಿವಿ ಬಂದಿದ್ದ ರಟ್ಟಿನ ಡಬ್ಬದಲ್ಲಿ ಅದು ನಮ್ಮ ಕೋಣೆಗೇ ಬಂತು. ಗಾಯದ ಮೇಲೆ ನೊಣ ಕೂತು ಮೊಟ್ಟೆಯಿಟ್ಟರೆ ಮಾರನೇ ದಿನಕ್ಕೇ ಹುಳ. ಆದ್ದರಿಂದ ಮನೆಯಲ್ಲಿದ್ದ ಒಂದೇ ಸೊಳ್ಳೆಪರದೆ ಕೋಳಿಗೆ. ಗಾಳಿ ಬಡಿಯಬಾರದೆಂದು ಫ್ಯಾನೂ ಬಂದ್. ಏಪ್ರಿಲ್ ತಿಂಗಳು. ಪರದೆಯೊಳಗೆ ಹ್ಯಾಟೆ ನಿದ್ದೆ ಹೋಯಿತು, ಹೊರಗೆ ಅಳಿಯ ಸೊಳ್ಳೆ ಹೊಡೆಯುತ್ತ ಕೂತ. ರಾತ್ರಿ ಎರಡು ಸಲ ಮಾವ ಬಾಗಿಲು ಸರಿಸಿ ಟಾರ್ಚು ಬಿಟ್ಟರು. ನಾನು ಎಚ್ಚರವಾಗಿದ್ದದ್ದು ನೋಡಿಯೂ ಬೆಳಕು ಹಾಯಿಸಿದ್ದು ಡಬ್ಬದ ಕಡೆಗೆ.

ಬೆಳಿಗ್ಗೆ ಪಶುವೈದ್ಯರು ಬಂದು ಔಷಧಿ ಬರೆದರು. ಅವರು ಹೇಳಿದ ದಿನದವರೆಗೆ ಇದರ ಮೊಟ್ಟೆ ತಿನ್ನುವಂತಿಲ್ಲ. "ನಾನು ಹೇಳಿದ್ದೇ ಅವರೂ ಹೇಳಿದ್ರು" ಎಂದು ಮಾವ ಬೀಗಿದರು.

ಇಷ್ಟೆಲ್ಲ ಕರುಣೆ ಕಂಡು ಮಧ್ಯಾಹ್ನ ಬಸ್ಸಾರೇ ಗತಿ ಎಂದುಕೊಂಡಿದ್ದೆ. ಇಲ್ಲ, ಹಿತ್ತಲಲ್ಲಿ ಅದೇ ಗೂಡಿನ ಕೆಂಪು ಹುಂಜ ಸದ್ದಿಲ್ಲದೆ ಸಾರಾಗಿತ್ತು. ಕಾಲು ಹಿಡಿದುಕೊಟ್ಟವರು ಮಾವನೇ. ಆ ಕೆಲಸಕ್ಕೆ ಅವರಿಗೆ ಅಳಿಯ ಬೇಕಾಗಲಿಲ್ಲ.

"ಅಲ್ಲ ಮಾವ, ಅದೂ ಕೋಳಿ, ಇದೂ ಕೋಳಿ..."

"ಅದು ಸಾರು. ಇದು ಪೇಷೆಂಟು. ತೊಡೆ ಪೀಸು ಹಾಕ್ಲಾ?"

ಹಾಕಿಸಿಕೊಂಡೆ. ನನ್ನ ತರ್ಕ ಯಾವತ್ತೂ ತೊಡೆ ಪೀಸಿನ ಹತ್ತಿರ ನಿಂತುಬಿಡುತ್ತದೆ.

ಊಟವಾದ ಮೇಲೆ ಮತ್ತೆ ಡ್ರೆಸ್ಸಿಂಗು. ನಾನು ಹೇಳಿಸಿಕೊಳ್ಳದೇ ಹಿಡಿದೆ. ಟವೆಲ್ಲಿನಡಿ ಬಿಸಿ ಮೈ, ಬೆರಳಿಗೆ ಸಿಗುವ ಪುಟ್ಟ ಡವಡವ. ಪಾಠ ಕೇಳುವ ಹುಡುಗ ಸುಮ್ಮನಿದ್ದರೆ ಮೇಷ್ಟ್ರ ದನಿಯೂ ಇಳಿಯುತ್ತದೆ. "ಪಾಪ, ಕೋಳಿ ನೋವು ತೋರಿಸ್ಕೊಳ್ಳಲ್ಲ ನೋಡಿ. ತೋರಿಸಿದರೆ ಉಳಿದವು ಕುಕ್ಕುತ್ತವೆ. ಕಾಳು ಮೇದ ಹಾಗೆ ನಟಿಸ್ತಾನೇ ಇರುತ್ತೆ. ನಾವೇ ತಿಳ್ಕೋಬೇಕು."

ಆಗ ಅತ್ತೆ ಬಂದರು. ನೋಡಿದ್ದು ಕೋಳಿಯನ್ನಲ್ಲ, ಮಾವನ ಪಂಚೆಯ ಅಂಚನ್ನು.

"ಇದೇನು, ರಕ್ತ ಒಣಗೈತೆ?"

"ಕೋಳೀದು."

"ಕೋಳಿ ನಿಮ್ಮ ಮೀನಖಂಡಕ್ಕೆ ಯಾಕೆ ಬಂದಿತ್ತು?"

ಪಂಚೆ ಸರಿಸಿದರೆ ನಾಲ್ಕು ಬೆರಳುದ್ದ ಸೀಳು. ನಾಯಿ ಅಟ್ಟಿಸಿಕೊಂಡು ಹೋದಾಗ ಪಕ್ಕದ ತೋಟದ ತುಕ್ಕು ಹಿಡಿದ ಮುಳ್ಳುತಂತಿ ಎಳೆದಿತ್ತು. ನೀರು ತನ್ನಿ, ಉಪ್ಪು ತನ್ನಿ ಎಂದು ಕೂತಲ್ಲೇ ಕೂತಿದ್ದದ್ದು ಇದಕ್ಕೆ.

"ಹೇಳಬಾರದಾ ಮಾವ?"

"ಹೇಳಿದ್ರೆ ಇವಳು ಬಿಡ್ತಿದ್ಲಾ?"

ಬಿಡಲಿಲ್ಲ. ಅತ್ತೆ ಕುಕ್ಕಲು ಶುರುಮಾಡಿದರು. ಈ ವರ್ಷದ್ದು ಮುಗಿಸಿ ಹೋದ ವರ್ಷ ಅಟ್ಟದಿಂದ ಬಿದ್ದದ್ದಕ್ಕೆ ಬಂದರು. ಕೋಳಿಯನ್ನು ಡಬ್ಬಕ್ಕೆ ಬಿಟ್ಟು ನಾನು ಉಳಿದ ಉಪ್ಪುನೀರು ಎಳೆದುಕೊಂಡೆ. ಸಂಜೆ ಟಿಟಿ ಇಂಜೆಕ್ಷನ್‌ಗೆ ಚನ್ನರಾಯಪಟ್ಟಣಕ್ಕೆ ಹೊರಡುವುದೆಂದು ಅತ್ತೆಯೇ ತೀರ್ಮಾನಿಸಿದರು. ನೀರು ತಾಗುತ್ತಲೇ ಮಾವ ಕಾಲೆಳೆದುಕೊಂಡರು.

"ಅತ್ತೆ, ಸ್ವಲ್ಪ ಹಿಡ್ಕಳಿ" ಅಂದೆ. ಹೆಗಲ ಮೇಲಿದ್ದ ಟವೆಲ್ ತೆಗೆದು ಮಾವನನ್ನು ಕೇಳಿದೆ, "ತಲೆಗೆ ಮುಚ್ಚಲಾ?"