ಎಂಟು ತಟ್ಟೆಯ ಬಾಕಿ

ನಾನು ತುಮಕೂರಿನವನು, ಫೆಡರರ್ ಕಡೆಯವನು. ನನ್ನ ಹೆಂಡತಿಯ ತಮ್ಮ ಕುಣಿಗಲ್‌ನವನು, ನಡಾಲ್ ಕಡೆಯವನು. ಹೆಣ್ಣು ನೋಡಲು ಹೋದಾಗ ಗೋತ್ರ ಕೇಳಿದೆವು, ನಕ್ಷತ್ರ ಕೇಳಿದೆವು, ಹುಡುಗಿಗೆ ಹಾಡು ಬರುತ್ತಾ ಅಂತಲೂ ಕೇಳಿದೆವು. ಮನೆಯಲ್ಲಿ ಎಡಗೈ ಆಟಗಾರನ ಭಕ್ತರು ಯಾರಾದರೂ ಇದ್ದಾರಾ ಅಂತ ಕೇಳಬೇಕೆಂದು ನಮ್ಮ ಕಡೆಯ ಒಬ್ಬ ಹಿರಿಯರಿಗೂ ಹೊಳೆಯಲಿಲ್ಲ. ಜಾತಕದಲ್ಲಿ ಅದಕ್ಕೊಂದು ಮನೆ ಇರಬೇಕಿತ್ತು.

ಮದುವೆಯಾಗಿ ತಿಂಗಳು ತುಂಬಿರಲಿಲ್ಲ. 2005ರ ಜೂನ್ 3, ಮಾವನ ಮನೆಯಲ್ಲಿ ಹೊಸ ಅಳಿಯನಾಗಿ ಹೋಳಿಗೆ ತಿಂದು ಟಿ.ವಿ. ಮುಂದೆ ಕೂತಿದ್ದೆ. ಫ್ರೆಂಚ್ ಓಪನ್ ಸೆಮಿಫೈನಲ್. ತೋಳಿಲ್ಲದ ಅಂಗಿ, ಮೊಣಕಾಲ ಕೆಳಗೆ ಇಳಿಯುವ ಚಡ್ಡಿ, ಉದ್ದ ಕೂದಲು. ಗದ್ದೆಗೆ ನೀರು ಹಾಯಿಸಲು ಹೊರಟವನಂತಿದ್ದ ಒಬ್ಬ ಹುಡುಗ ನಮ್ಮ ಫೆಡರರ್‌ನನ್ನು ನಾಲ್ಕು ಸೆಟ್‌ಗಳಲ್ಲಿ ಮನೆಗೆ ಕಳಿಸಿದ. ಆಗಿನ್ನೂ ಕಾಲೇಜಿನಲ್ಲಿದ್ದ ಭಾವಮೈದ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕುತ್ತಾ, "ಇವತ್ತು ಹುಡುಗನ ಹುಟ್ಟಿದಬ್ಬ ಭಾವ, ಹತ್ತೊಂಬತ್ತು ತುಂಬ್ತು, ಸಿಹಿ ತಗೊಳ್ಳಿ" ಅಂದ. ಹೊಸ ಅಳಿಯ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ತಗೊಂಡೆ. ಆ ಹೋಳಿಗೆ ಇವತ್ತಿಗೂ ಅರಗಿಲ್ಲ.

ಅವತ್ತೇ ಪಂಥವಾಯಿತು. ಇವರಿಬ್ಬರ ಒಂದೊಂದು ಪಂದ್ಯಕ್ಕೂ ಕ್ಯಾತ್ಸಂದ್ರದ ಒಂದೊಂದು ತಟ್ಟೆ ಇಡ್ಲಿ. ಸೋತವನ ಕಡೆಯವರು ಕೊಡಿಸಬೇಕು. ಆದರೆ ಆಗಿಂದಾಗ್ಗೆ ಕೊಡುವುದಲ್ಲ, ಬರೆದಿಟ್ಟುಕೊಂಡು, ಇಬ್ಬರೂ ಆಟ ಬಿಟ್ಟ ಮೇಲೆ ಅದನ್ನು ಇದಕ್ಕೆ ವಜಾ ಮಾಡಿ ಚುಕ್ತಾ. ಭಾವಮೈದ ಹಿಂಬಾಕಿಯನ್ನೂ ಸೇರಿಸಿದ. 2004ರಲ್ಲಿ ಮಯಾಮಿಯಲ್ಲಿ ಮೊದಲ ಸಲ ಎದುರಾದಾಗಲೇ ಹದಿನೇಳರ ಹುಡುಗ ನಂಬರ್ ಒನ್ ಫೆಡರರ್‌ಗೆ 6-3, 6-3ರಲ್ಲಿ ಬಾರಿಸಿದ್ದ. ಮರುವರ್ಷ ಅದೇ ಊರಲ್ಲಿ ಎರಡು ಸೆಟ್ ಹಿಂದಿದ್ದು ಫೆಡರರ್ ಗೆದ್ದ. ಹಾಗಾಗಿ ಲೆಕ್ಕ ಶುರುವಾದದ್ದೇ ಎರಡು-ಒಂದರಿಂದ. ಶುರುವಿನಲ್ಲೇ ನಾನು ಸಾಲಗಾರ.

ನಮ್ಮಿಬ್ಬರಲ್ಲಿ ಯಾರೂ ಟೆನಿಸ್ ಆಡಿದವರಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾನು ಹಿಡಿದಿರುವ ರಾಕೆಟ್ ಅಂದರೆ ಸೊಳ್ಳೆ ಬ್ಯಾಟು. ಅದರಲ್ಲೂ ನನ್ನ ಹೊಡೆತ ಫೆಡರರ್ ತರಹವೇ, ಒಂದೇ ಕೈಯದು, ನೋಡಲು ಚೆಂದ, ಸೊಳ್ಳೆ ಮಾತ್ರ ಸಾಯುವುದಿಲ್ಲ.

ಮನೆಮಂದಿಯೆಲ್ಲ ಪಕ್ಷ ಕಟ್ಟಿಕೊಂಡರು. ಅತ್ತೆಯವರಿಗೆ ಆಟ ಗೊತ್ತಿಲ್ಲ, ಆದರೆ ನಡಾಲ್ ಅಂದರೆ ಪ್ರಾಣ. ಯಾಕೆಂದರೆ ಅವನು ಮಡಿವಂತ. ಕುರ್ಚಿಯ ಪಕ್ಕ ಎರಡು ನೀರಿನ ಬಾಟಲಿ ಇಟ್ಟು, ಚೀಟಿ ಅಂಕಣದ ಕಡೆಗೇ ಇರಬೇಕೆಂದು ಬಗ್ಗಿ ಬಗ್ಗಿ ತಿರುಗಿಸುತ್ತಿದ್ದ. ಗೆರೆ ತುಳಿಯುತ್ತಿರಲಿಲ್ಲ. ಸರ್ವ್ ಮಾಡುವ ಮುಂಚೆ ಮೂಗು, ಕಿವಿ, ಮತ್ತೆ ಮೂಗು, ಮತ್ತೆ ಕಿವಿ ಮುಟ್ಟಿಕೊಳ್ಳುತ್ತಿದ್ದ. "ನೋಡಪ್ಪಾ, ಆಚಮನ ಸಂಕಲ್ಪ ಇಲ್ದೆ ಒಂದು ಚೆಂಡೂ ಮುಟ್ಟಲ್ಲ, ನೀವಿದೀರ" ಅಂತ ಅತ್ತೆ ನನ್ನ ಕಡೆ ನೋಡುತ್ತಿದ್ದರು. ಚಡ್ಡಿಯ ಹಿಂಭಾಗವನ್ನು ಎಳೆದುಕೊಳ್ಳುವುದು ಯಾವ ಸೂತ್ರದಲ್ಲಿದೆ ಅಂತ ಕೇಳಬೇಕೆನಿಸುತ್ತಿತ್ತು. ಅಳಿಯನಾದವನು ಎಲ್ಲವನ್ನೂ ಕೇಳುವಂತಿಲ್ಲ.

ಭಾವಮೈದನ ವಾದ ಬೇರೆ. "ನಮ್ಮೂರಲ್ಲಿ ಟಿಪ್ಪು ಕಾಲದಿಂದ ಕುದುರೆ ಸಾಕ್ತಾರೆ ಭಾವ. ಸ್ಟಡ್ ಫಾರಂ ಕಾಂಪೌಂಡ್ ಪಕ್ಕದಲ್ಲೇ ಬೆಳೆದೋನು ನಾನು. ಯಾವುದು ಓಡೋ ಕುದುರೆ, ಯಾವುದು ಮೆರವಣಿಗೆ ಕುದುರೆ ಅಂತ ನನಗೆ ಹೇಳಿಕೊಡಬೇಡಿ." ಮೆರವಣಿಗೆ ಕುದುರೆ ಅಂದದ್ದು ಯಾರಿಗೆ ಅಂತ ಬಿಡಿಸಿ ಹೇಳಬೇಕಿಲ್ಲ. ಬೆವರದವನು, ಏದುಸಿರು ಬಿಡದವನು, ಸೋತರೂ ಕೂದಲು ಕೆದರದವನು. ಬೆವರು ಬರದಿರುವುದನ್ನೂ ಒಂದು ದೋಷ ಅಂತ ಎಣಿಸುವ ಜನ!

ಸತ್ಯ ಒಪ್ಪಬೇಕು, ಮಣ್ಣಿನ ಅಂಕಣದಲ್ಲಿ ನನ್ನ ಬಾಯಿ ಕಟ್ಟಿಹೋಗುತ್ತಿತ್ತು. ಅಲ್ಲಿ ಹದಿನಾರು ಸಲ ಎದುರಾಗಿ ಹದಿನಾಲ್ಕು ಸಲ ನಡಾಲ್ ಗೆದ್ದ. ಪ್ಯಾರಿಸ್ಸಿನಲ್ಲಂತೂ ಆರಕ್ಕೆ ಆರು. ಕಾರಣ ದೊಡ್ಡ ರಹಸ್ಯವೇನಲ್ಲ. ನಡಾಲ್ ಬರೆಯುವುದು ಬಲಗೈಯಲ್ಲಿ, ಆಡುತ್ತಿದ್ದದ್ದು ಎಡಗೈಯಲ್ಲಿ. ಆ ಎಡಗೈ ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿ ಬುಗುರಿಯ ಹಾಗೆ ತಿರುಗಿಸಿ ಕಳಿಸುತ್ತಿತ್ತು. ಅದು ಮಣ್ಣಿಗೆ ಬಿದ್ದು ಫೆಡರರ್‌ನ ಬ್ಯಾಕ್‌ಹ್ಯಾಂಡ್ ಕಡೆ ಭುಜದ ಮೇಲಕ್ಕೆ ಎಗರುತ್ತಿತ್ತು. ಒಂದೇ ಕೈಯಲ್ಲಿ ಅಷ್ಟೆತ್ತರದ ಚೆಂಡಿಗೆ ಹೊಡೆಯುವುದೆಂದರೆ ಒಂದೇ ಕೈಯಲ್ಲಿ ಗಳ ಎತ್ತಿ ಹುಣಸೆಹಣ್ಣು ಬಡಿದ ಹಾಗೆ. ಹಣ್ಣು ಉದುರುವುದಕ್ಕಿಂತ ಮೊದಲು ರಟ್ಟೆ ಬೀಳುತ್ತದೆ.

"ಮಣ್ಣಿನ ಮಗ" ಅಂತ ಭಾವಮೈದ ಎದೆ ತಟ್ಟಿಕೊಂಡಾಗ ನಾನು ಪತ್ರಿಕೆಯಲ್ಲಿ ಓದಿಟ್ಟುಕೊಂಡಿದ್ದ ಅಸ್ತ್ರ ಬಿಟ್ಟೆ. ಪ್ಯಾರಿಸ್ಸಿನದು ಮಣ್ಣೇ ಅಲ್ಲ, ಸುಣ್ಣಕಲ್ಲಿನ ಹಾಸಿನ ಮೇಲೆ ತೆಳ್ಳಗೆ ಉದುರಿಸಿದ ಇಟ್ಟಿಗೆಪುಡಿ! ಆಗ ನಮ್ಮ ಮನೆಯ ಮೇಲೊಂದು ಕೋಣೆ ಕಟ್ಟಿಸುತ್ತಿದ್ದೆ. ಅಂಗಳದಲ್ಲಿ ಒಡೆದ ಇಟ್ಟಿಗೆ ರಾಶಿ. ಭಾವಮೈದ ಒಂದು ಮಾತಾಡದೆ ಚಪ್ಪಲಿ ಬಿಟ್ಟು ಆ ರಾಶಿಗೆ ಕೈಮುಗಿದು ಒಳಗೆ ಬಂದ. ಗಾರೆಯವನು ಅವನ ಹಿಂದೆಯೇ ಬಂದು "ಸ್ವಾಮಿ, ಅಲ್ಲೇನಾದ್ರೂ ದೇವ್ರಿತ್ತಾ? ಮೊದ್ಲೇ ಹೇಳ್ಬಾರ್ದಾ?" ಅಂತ ಕೆಲಸ ನಿಲ್ಲಿಸಿ ನಿಂತ.

ಈ ಮಣ್ಣು-ಹುಲ್ಲಿನ ಹುಚ್ಚು ನಮಗೆ ಮಾತ್ರ ಅಂದುಕೊಳ್ಳಬೇಡಿ. 2007ರಲ್ಲಿ ನಡಾಲ್‌ನ ಮಯೋರ್ಕ ದ್ವೀಪದಲ್ಲಿ ಅರ್ಧ ಹುಲ್ಲು ಅರ್ಧ ಮಣ್ಣಿನ ಅಂಕಣ ಕಟ್ಟಿ ಇಬ್ಬರನ್ನೂ ಆಡಿಸಿದರು. ಹುಲ್ಲಿಗೆ ಹುಳು ಬಿದ್ದು ಕೊನೇ ಗಳಿಗೆಯಲ್ಲಿ ಬೇರೆ ಹುಲ್ಲು ತಂದು ಹಾಸಬೇಕಾಯಿತು. ಜಾಗ ಬದಲಾದಾಗಲೆಲ್ಲ ಇಬ್ಬರೂ ಬೂಟು ಬಿಚ್ಚಿ ಬೇರೆ ಬೂಟು ಹಾಕಬೇಕು, ದೇವಸ್ಥಾನದ ಬಾಗಿಲಲ್ಲಿ ನಿಂತವರ ಹಾಗೆ. ಅಲ್ಲೂ ಕೊನೆಯ ಸೆಟ್ಟಿನ ಟೈಬ್ರೇಕರ್‌ನಲ್ಲಿ ಗೆದ್ದದ್ದು ನಡಾಲನೇ. ಅದು ಪ್ರದರ್ಶನ ಪಂದ್ಯ, ಇಡ್ಲಿ ಲೆಕ್ಕಕ್ಕೆ ಬರುವುದಿಲ್ಲ ಅಂತ ನಾನು ಹಟ ಹಿಡಿದು ಒಂದು ತಟ್ಟೆ ಉಳಿಸಿಕೊಂಡೆ.

ಇನ್ನು 2008ರ ಜುಲೈ 6. ವಿಂಬಲ್ಡನ್ ಫೈನಲ್. ಐದು ವರ್ಷದಿಂದ ಫೆಡರರ್ ಅಲ್ಲಿ ರಾಜ. ಭಾವಮೈದ ಕುಣಿಗಲ್‌ನಿಂದ ಬಸ್ಸು ಹತ್ತಿ ಬಂದ, ಗುಬ್ಬಿಯಿಂದ ನಮ್ಮ ಸೋದರಮಾವನೂ ಬಂದರು. ಮಾವ ಅಡಿಕೆ ಮಂಡಿಯ ಕೆಲಸಕ್ಕೆ ಬಂದವರು, ಕಡೇ ಬಸ್ಸು ತಪ್ಪಿ ನಮ್ಮಲ್ಲೇ ಉಳಿದರು. ಏಳು ಗಂಟೆಗೆ ಶುರು. ಮೊದಲೆರಡು ಸೆಟ್ ನಡಾಲ್. ಮೂರನೆಯದರಲ್ಲಿ ಲಂಡನ್ನಿಗೆ ಮಳೆ ಬಂತು. ಅಲ್ಲಿ ಮಳೆ ನಿಂತಾಗ ಇಲ್ಲಿ ಕರೆಂಟು ಹೋಯಿತು. ಸೆಂಟರ್ ಕೋರ್ಟಿಗೆ ಚಾವಣಿ ಬಂದದ್ದು ಮರುವರ್ಷ, ನಮ್ಮ ಮನೆಗೆ ಯುಪಿಎಸ್ ಬಂದದ್ದು ಅದರ ಮರುವರ್ಷ.

ಕತ್ತಲಲ್ಲಿ ಮೇಣದ ಬತ್ತಿ ಹಚ್ಚಿ ಕೂತಾಗ ಮಾವ ಕೇಳಿದರು: "ಅದ್ಸರಿ ಕಣಯ್ಯಾ, ಇದ್ರಲ್ಲಿ ದುರ್ಯೋಧನ ಯಾರು?"

ನಾವು ಮುಖ ಮುಖ ನೋಡಿಕೊಂಡೆವು. ಮಾವ ಯುಗಾದಿಯಿಂದ ಮಳೆ ಬೀಳುವವರೆಗೆ ಊರೂರಲ್ಲಿ ಕುರುಕ್ಷೇತ್ರ ಕಟ್ಟುವವರು. ಪಾತ್ರಕ್ಕೆ ದುಡ್ಡು ಕಟ್ಟಿ ದುರ್ಯೋಧನ ಮಾಡುವವರು. "ಧರ್ಮರಾಯನ್ ಪಾರ್ಟಿಗೆ ಅಷ್ಟು ರೇಟಿಲ್ಲ ಕಣ್ರೋ. ದುರ್ಯೋಧನನ್ ಪಾರ್ಟಿಗೆ ನೂಕುನುಗ್ಗಲು. ನಮ್ಮೂರ್ ವೀರಣ್ಣೋರ ಸದಾರಮೇಲಿ ಜನ ಯಾರ್ನ ನೋಡಕ್ಕೆ ಬರ್ತಿದ್ರು? ಕಳ್ಳನ್ನ! ಕೆಟ್ಟೋನಿಲ್ದೆ ಆಟ ಹೆಂಗ್ ನಡೀತದೆ?" ಗುಬ್ಬಿಯವರಿಗೆ ಈ ಗತ್ತು ಹುಟ್ಟಿನಿಂದಲೇ ಬರುತ್ತದೆ. 1884ರಲ್ಲೇ ಕಂಪನಿ ಕಟ್ಟಿದ ಊರು, ಕುರುಕ್ಷೇತ್ರಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆ ತಂದವರ ಊರು. ಅವರ ಮುಂದೆ ನಾಟಕದ ವಿಷಯ ಮಾತಾಡುವ ಧೈರ್ಯ ಯಾರಿಗಿದೆ?

ನಾನು ಹಳೆಯ ಜೋಡಿ ತೆಗೆದೆ. ಬೋರ್ಗ್ ಮತ್ತು ಮೆಕೆನ್ರೊ. ಅಲ್ಲಿ ಅನುಮಾನವೇ ಇಲ್ಲ, ಅಂಪೈರ್‌ಗೆ ಬಾಯಿಗೆ ಬಂದದ್ದು ಅನ್ನುವ ಮೆಕೆನ್ರೊನೇ ದುರ್ಯೋಧನ. 1980ರ ವಿಂಬಲ್ಡನ್ ಫೈನಲ್‌ನ ನಾಲ್ಕನೇ ಸೆಟ್ಟಿನಲ್ಲಿ ಇಬ್ಬರೂ ಮೂವತ್ತನಾಲ್ಕು ಪಾಯಿಂಟ್‌ಗಳ ಟೈಬ್ರೇಕರ್ ಆಡಿದ್ದರು. ಅದನ್ನು ಮೆಕೆನ್ರೊ ಗೆದ್ದ, ಪಂದ್ಯವನ್ನು ಬೋರ್ಗ್ ಗೆದ್ದ. ಮರುವರ್ಷ ಅಮೆರಿಕದ ಫೈನಲ್‌ನಲ್ಲಿ ಸೋತ ಬೋರ್ಗ್ ಬಹುಮಾನ ಸಮಾರಂಭಕ್ಕೂ ನಿಲ್ಲದೆ ಹೊರಟೇ ಹೋದ, ಆಮೇಲೆ ಗ್ರ್ಯಾಂಡ್‌ಸ್ಲಾಂ ಕಡೆ ತಿರುಗಿ ನೋಡಲಿಲ್ಲ. ಹದಿನಾಲ್ಕು ಪಂದ್ಯ, ಏಳು-ಏಳು. ತಕ್ಕಡಿಯಲ್ಲಿ ತೂಗಿದ ಹಾಗೆ ಸಮ.

(ಸಮಾರಂಭ ತಪ್ಪಿಸಿಕೊಳ್ಳುವ ಈ ಬೋರ್ಗ್ ಮಹಾಶಯರ ಅಭ್ಯಾಸದ ರುಚಿ ಬೆಂಗಳೂರಿಗೂ ಸಿಕ್ಕಿತು. 2023ರ ಫೆಬ್ರುವರಿಯಲ್ಲಿ ಮಗ ಲಿಯೊ ಆಡುತ್ತಿದ್ದ ಬೆಂಗಳೂರು ಓಪನ್‌ಗೆ ಬಂದಿದ್ದರು. ಮುಖ್ಯಮಂತ್ರಿಗಳಿಂದ ಸನ್ಮಾನ ಅಂತ ನಿಗದಿಯಾಗಿತ್ತು. ಮುಖ್ಯಮಂತ್ರಿಗಳು ನಮ್ಮ ಪದ್ಧತಿಯಂತೆ ತಡವಾಗಿ ಬಂದರು, ಅಷ್ಟರಲ್ಲಿ ಬೋರ್ಗ್ ಮಗನ ಆಟ ನೋಡಲು ಗ್ಯಾಲರಿಗೆ ಹೋಗಿ ಕೂತಿದ್ದರು. ಶಾಲು, ಪೇಟ, ಹಾರ ಎಲ್ಲ ಬಿಟ್ಟು! ನಮ್ಮ ಜಿಲ್ಲೆಯಲ್ಲಿ ಇಂಥ ತಂದೆ ಇದ್ದರೆ ಕರೆದುಕೊಂಡು ಬಂದು ಸನ್ಮಾನ ಮಾಡಬೇಕು. ಅದಕ್ಕೂ ಬರುವುದಿಲ್ಲ ಬಿಡಿ.)

"ಹಂಗಾದ್ರೆ ನಿಮ್ಮಿಬ್ರದ್ರಲ್ಲಿ?" ಮಾವ ಬಿಡಲಿಲ್ಲ. ಭಾವಮೈದ ಒಂದು ನಿಮಿಷ ಯೋಚಿಸಿ, "ಫೆಡರರ್ ಕೆಟ್ಟೋನಲ್ಲ ಮಾವ" ಅಂದ. ಮೂರು ವರ್ಷದಲ್ಲಿ ಅವನ ಬಾಯಿಂದ ಆ ಹೆಸರಿನ ಜೊತೆ ಒಳ್ಳೆ ಮಾತು ಕೇಳಿದ್ದು ಅದೇ ಮೊದಲು. ಕತ್ತಲು ಇತ್ತಲ್ಲ, ಧೈರ್ಯ ಬಂದಿರಬೇಕು. ನಾನೂ ನಡಾಲ್ ಕೆಟ್ಟವನಲ್ಲ ಅಂದೆ. ಅಷ್ಟರಲ್ಲಿ ಕರೆಂಟು ಬಂತು, ಇಬ್ಬರೂ ಮಾತು ವಾಪಸ್ ತಗೊಂಡೆವು.

ಮೂರನೆಯ, ನಾಲ್ಕನೆಯ ಸೆಟ್ ಫೆಡರರ್. ಎರಡೂ ಟೈಬ್ರೇಕರ್. ನಾಲ್ಕನೆಯದರಲ್ಲಿ ನಡಾಲ್‌ಗೆ ಸಿಕ್ಕ ಎರಡು ಮ್ಯಾಚ್ ಪಾಯಿಂಟ್‌ಗಳನ್ನು ಫೆಡರರ್ ನುಂಗಿಹಾಕಿದ. ಅದರಲ್ಲೊಂದಕ್ಕೆ ಗೆರೆಗುಂಟ ಬ್ಯಾಕ್‌ಹ್ಯಾಂಡ್ ಬಾರಿಸಿದನಲ್ಲ, ಆಗ ನಾನು ಕೂಗಿದ ಕೂಗಿಗೆ ಬೀದಿ ನಾಯಿಗಳು ಅರ್ಧ ಗಂಟೆ ಉತ್ತರ ಕೊಟ್ಟವು. ಐದನೆಯದರಲ್ಲಿ ಮತ್ತೆ ಮಳೆ. ನಮ್ಮ ಗಡಿಯಾರದಲ್ಲಿ ಒಂದೂ ಮುಕ್ಕಾಲಾಗಿತ್ತು, ಅಲ್ಲಿ ಚೆಂಡು ಕಾಣದಷ್ಟು ಮಸುಕು, 9-7ಕ್ಕೆ ಮುಗಿಯಿತು. ನಡಾಲ್ ಬೆನ್ನ ಮೇಲೆ ಬಿದ್ದ, ನಾನು ದಿವಾನದ ಮೇಲೆ ಬಿದ್ದೆ. ನಾಲ್ಕು ಗಂಟೆ ನಲವತ್ತೆಂಟು ನಿಮಿಷದ ಆಟ. ಒಟ್ಟು ಪಾಯಿಂಟ್ ನಡಾಲ್ 209, ಫೆಡರರ್ 204. ಐದು ಪಾಯಿಂಟಿಗೆ ರಾಜ್ಯ ಹೋಯಿತು. ಐದು ಊರು ಕೊಡದೆ ಹೋದ ಕಥೆ ನೆನಪಾಗಿ ಮಾವ ನಕ್ಕರು. ನನಗೆ ನಗು ಬರಲಿಲ್ಲ.

ಮುಂದೆ 2010ರ ಅಕ್ಟೋಬರಿನಲ್ಲಿ ನಡಾಲ್ ನಮ್ಮ ಬಾಗಿಲಿಗೇ ಬಂದ. ಅನಂತಪುರದಲ್ಲಿ ಬಡ ಮಕ್ಕಳಿಗಾಗಿ ತನ್ನ ಹೆಸರಿನ ಟೆನಿಸ್ ಶಾಲೆ ತೆರೆಯಲು. ಅನಂತಪುರ ಅಂದರೆ ಎಲ್ಲಿ? ನಮ್ಮ ಪಾವಗಡದ ಆಚೆ, ಒಂದು ಕೂಗಿನ ದೂರ. "ನೋಡಿ ಭಾವ, ನಮ್ಮೋನು ಬರಗಾಲದ ಊರು ಹುಡುಕ್ಕೊಂಡು ಬಂದ. ನಿಮ್ಮೋನು ಗಡಿಯಾರದ ಜಾಹೀರಾತಿನಲ್ಲಿದಾನೆ" ಅಂತ ಭಾವಮೈದ ಚುಚ್ಚಿದ. ಫೆಡರರ್ ಆಫ್ರಿಕಾದಲ್ಲಿ ಮಕ್ಕಳ ಓದಿಗೆ ದುಡ್ಡು ಕೊಡುತ್ತಾನೆ ಅಂದೆ. ಆಫ್ರಿಕಾ ಪಾವಗಡದ ಪಕ್ಕದಲ್ಲಿಲ್ಲವಲ್ಲ, ನನ್ನ ಮಾತು ನಿಲ್ಲಲಿಲ್ಲ.

ನಾವಿಬ್ಬರೂ ಹೀಗೆ ಜಗಳವಾಡುತ್ತಿದ್ದಾಗ ಸರ್ಬಿಯಾದಿಂದ ಜೊಕೊವಿಚ್ ಬಂದು ಇಬ್ಬರನ್ನೂ ಬಡಿಯತೊಡಗಿದ. ಇಬ್ಬರ ಜಗಳ ಮೂರನೆಯವನಿಗೆ ಲಾಭ. ನಡಾಲ್ ಮೇಲೆ 31-29, ಫೆಡರರ್ ಮೇಲೆ 27-23. ಗ್ರ್ಯಾಂಡ್‌ಸ್ಲಾಂ ಎಣಿಸಿದರೆ ನಮ್ಮವನದು 20, ನಡಾಲ್‌ನದು 22, ಜೊಕೊವಿಚ್‌ನದು 24. "ಸಿಕ್ದ ನೋಡು ದುರ್ಯೋಧನ!" ಅಂತ ಮಾವ ಕುಣಿದರು. ನನ್ನನ್ನು ಕೇಳಿದರೆ ಅದು ಅನ್ಯಾಯ. ಅವನು ಮಾಡಿದ ತಪ್ಪೆಂದರೆ ನಾವು ಪಾತ್ರ ಹಂಚಿಕೊಂಡು ಮುಗಿಸಿದ ಮೇಲೆ ಬಂದದ್ದು. ಆದರೂ 2019ರ ವಿಂಬಲ್ಡನ್ ಫೈನಲ್‌ನಲ್ಲಿ ಫೆಡರರ್ ಕೈಯಲ್ಲಿದ್ದ ಎರಡು ಮ್ಯಾಚ್ ಪಾಯಿಂಟ್ ಅವನು ಕಿತ್ತುಕೊಂಡ ರಾತ್ರಿ, ಭಾವಮೈದ ನನ್ನ ಪಕ್ಕ ಕೂತು ನನಗಿಂತ ಜೋರಾಗಿ ಬೈದ. ಬೈಗುಳದಲ್ಲಿ ಕುಣಿಗಲ್ ಕಡೆಯವರು ನಮಗಿಂತ ಒಂದು ಕೈ ಮೇಲು, ಅದು ಒಪ್ಪಬೇಕಾದ್ದೇ.

2017ರ ಆಸ್ಟ್ರೇಲಿಯಾ ಫೈನಲ್ ಬಗ್ಗೆ ಭಾವಮೈದ ಬರೆಯಬೇಡಿ ಅಂದಿದ್ದಾನೆ, ಅದಕ್ಕೇ ಬರೆಯುತ್ತಿದ್ದೇನೆ. ಮೂವತ್ತೈದರ ಫೆಡರರ್ ಆರು ತಿಂಗಳು ಮನೆಯಲ್ಲಿ ಕೂತು ಬಂದು, ಐದನೇ ಸೆಟ್ಟಿನಲ್ಲಿ 1-3 ಹಿಂದಿದ್ದವನು ಸಾಲಾಗಿ ಐದು ಗೇಮ್ ಗೆದ್ದ. ಹಳೆಯ ಚಿಕ್ಕ ರಾಕೆಟ್ ಬಿಟ್ಟು ದೊಡ್ಡದು ಹಿಡಿದಿದ್ದ, ಚೆಂಡು ಭುಜಕ್ಕೇರುವ ಮುಂಚೆಯೇ ಮುಂದೆ ನುಗ್ಗಿ ಬ್ಯಾಕ್‌ಹ್ಯಾಂಡ್ ಬಾರಿಸುತ್ತಿದ್ದ. ಹುಣಸೆಹಣ್ಣು ಬಡಿಯಲು ಮರ ಹತ್ತಿದರೆ ಆಯಿತು ಅಂತ ಹೊಳೆಯಲು ಹನ್ನೆರಡು ವರ್ಷ ಹಿಡಿಯಿತು. ಅವತ್ತು ಕುಣಿಗಲ್‌ಗೆ ಹೋಗಿ ನಾನೇ ಹೋಳಿಗೆ ಕೊಟ್ಟು ಬಂದೆ.

2022ರ ಸೆಪ್ಟೆಂಬರ್ 24, ಬೆಳಗಿನ ಜಾವ. ಫೋನು ಬಡಿದುಕೊಂಡಿತು. ಹೆಂಡತಿ ಎತ್ತಿದಳು. ಆ ಕಡೆಯಿಂದ ತಮ್ಮನ ಗದ್ಗದ ಸ್ವರ: "ಅಕ್ಕಾ... ಭಾವಂಗೆ ಹೇಳು... ಹೋಗ್ಬಿಟ್ಟ." ಅವಳು "ಅಯ್ಯೋ ಯಾರೋ?" ಅಂತ ಅಲ್ಲೇ ಕುಸಿದಳು. ಮನೆಯಲ್ಲಿ ದೀಪ ಹತ್ತಿದವು, ಪಕ್ಕದ ಮನೆಯವರು ಗೇಟಿನ ಹತ್ತಿರ ಬಂದರು. ಗುಬ್ಬಿ ಮಾವನೋ, ಕುಣಿಗಲ್ ಅತ್ತೆಯೋ ಅಂತ ಎಲ್ಲರೂ ಮನಸ್ಸಿನಲ್ಲೇ ಎಣಿಸಿದ ಮೇಲೆ ತಿಳಿಯಿತು, ಹೋದವನು ಫೆಡರರ್, ಹೋದದ್ದು ಆಟದಿಂದ. ಲಂಡನ್ನಿನ ಲೇವರ್ ಕಪ್‌ನಲ್ಲಿ ನಡಾಲ್ ಜೊತೆ ಡಬಲ್ಸ್ ಆಡಿ, ಸೋತು, ಬೆಂಚಿನ ಮೇಲೆ ಕೂತಿದ್ದ. ಇಬ್ಬರೂ ಕೈ ಕೈ ಹಿಡಿದುಕೊಂಡು ಮಕ್ಕಳ ಹಾಗೆ ಅಳುತ್ತಿದ್ದರು. ಅವನು ಹೋಗುತ್ತಾನೆ ಅಂತ ಅವನು ಅಳುವುದು ಸರಿ, ಇವನು ಯಾಕೆ ಅಳಬೇಕು ಅಂತ ಹೆಂಡತಿ ಕೇಳಿದಳು. ಮಾವನಿಗೆ ಫೋನಿನಲ್ಲಿ ಹೇಳಿದೆ. "ಅದ್ರಲ್ಲೇನೈತೆ? ರಾತ್ರಿಯೆಲ್ಲಾ ಗದೇಲಿ ತೊಡೆ ಮುರಿಸ್ಕೊಂಡು, ಬೆಳಿಗ್ಗೆ ಬಣ್ಣ ಒರೆಸ್ಕಳಕ್ಕೆ ಕೊಬ್ರಿ ಎಣ್ಣೆ ಈಸ್ಕಳದು ಭೀಮನ್ ಹತ್ರಾನೇ" ಅಂದರು.

ಆದರೂ ಚುಕ್ತಾ ಆಗಲಿಲ್ಲ. ಇಬ್ಬರೂ ಬಿಡಬೇಕು ಅನ್ನುವ ಷರತ್ತಿತ್ತಲ್ಲ. 2024ರ ನವೆಂಬರಿನಲ್ಲಿ ಮಲಗಾದಲ್ಲಿ ನಡಾಲ್ ರಾಕೆಟ್ ಕೆಳಗಿಟ್ಟ. ಮುಂದಿನ ಭಾನುವಾರವೇ ಭಾವಮೈದ ಹಳೇ ಡೈರಿ ಹಿಡಿದು ಕ್ಯಾತ್ಸಂದ್ರದಲ್ಲಿ ಇಳಿದ. ನಲವತ್ತು ಪಂದ್ಯ, 24-16. ವಜಾ ಹೋಗಿ ನನ್ನ ಮೇಲೆ ಎಂಟು ತಟ್ಟೆ ಬಾಕಿ.

ಮೊದಲ ಎರಡನ್ನು ಬೆಣ್ಣೆ ಹಾಕಿಸಿಕೊಂಡು ಸಲೀಸಾಗಿ ತಿಂದ. ಮೂರನೆಯದಕ್ಕೆ ಬೆವರು ಒರೆಸಿಕೊಂಡ. ನಾಲ್ಕನೆಯದರ ಅಂಚು ಮುರಿದು, ಸುಮ್ಮನೆ ಕೂತು, ತಟ್ಟೆಯನ್ನು ನನ್ನ ಕಡೆ ತಳ್ಳಿ, "ಅರ್ಧ ನೀವು ತಗೊಳ್ಳಿ ಭಾವ" ಅಂದ.

ತಗೊಂಡೆ. ಹಾಗಾದರೆ ಉಳಿದದ್ದು ನಾಲ್ಕೋ ನಾಲ್ಕೂವರೆಯೋ ಅನ್ನುವ ಬಗ್ಗೆ ಈಗ ಜಗಳ ನಡೆಯುತ್ತಿದೆ.