ಗುರಿ ಇಟ್ಟ ಗಾಳಿ

(ಪೀಣ್ಯ ಎರಡನೇ ಹಂತದ ಟೀ ಅಂಗಡಿ. ಪಕ್ಕದ ಶೆಡ್‌ನ ಡೀಸೆಲ್ ಜನರೇಟರ್ ಕೆಮ್ಮುತ್ತಿದೆ, ಗಿರಾಕಿಗಳೂ.)

ಲೇತ್ ಸೀನ: ರಂಗಣ್ಣ, ಟೀ ಕೆನೆ ಯಾಕೆ ಬೂದಿ ಬಣ್ಣ?

ರಂಗಣ್ಣ: ಈಗ್ತಾನೇ ರಸ್ತೆ ಗುಡಿಸೋ ಮಿಷಿನ್ ಹೋಯ್ತಲ್ಲಪ್ಪ. ಎಕ್ಸ್‌ಟ್ರಾ ಚಾರ್ಜ್ ಇಲ್ಲ, ಕುಡಿ.

ಮೇಷ್ಟ್ರು: ಆಡ್ಕೋಬೇಡ್ರೋ. 2019ರಲ್ಲೇ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಬಂತು. 2024ಕ್ಕೆ ಧೂಳಿನ ಕಣ ಶೇ 20ರಿಂದ 30 ಇಳಿಸೋ ಗುರಿ. ಪಟ್ಟೀಲಿ ಬೆಂಗಳೂರೂ ಇದೆ.

ಸೀನ: ಇಳೀತಾ ಮೇಷ್ಟ್ರೇ?

ಮೇಷ್ಟ್ರು: ಗುರಿ ಏರ್ತು. 2026ಕ್ಕೆ ಶೇ 40.

ಸೀನ: ಮುಟ್ದೇ ಇದ್ರೆ?

ಮೇಷ್ಟ್ರು: ಯೂರೋಪಲ್ಲಿ ದೇಶದೇಶಕ್ಕೂ ಹೊಗೆ ಮಿತಿ ಕಾನೂನಾಗಿದೆ. ಮೀರಿದ್ರೆ ಸರ್ಕಾರಾನೇ ಕೋರ್ಟಿಗೆ ಎಳೀಬಹುದು. ನಮ್ ಗುರಿಗೆ ಹಂಗೆಲ್ಲ ಕಟ್ಟುಪಾಡಿಲ್ಲ.

ಸೀನ: ಕಟ್ಟಿರೋದು ನನ್ನ ಮೂಗೊಂದೇನಾ? ಮತ್ತೆ ಬೈಕ್ ಎಮಿಷನ್ ಸರ್ಟಿಫಿಕೇಟ್ ಡೇಟ್ ಮುಗಿದಿದ್ದಕ್ಕೆ ನನ್ ಹತ್ರ ದಂಡ ಕಟ್ಟಿಸ್ಕೊಂಡ್ರು?

ಮೇಷ್ಟ್ರು: ನಿಂದು ಬೈಕು ಕಣಯ್ಯ. ಕೈಗೆ ಸಿಗತ್ತೆ.

ಸೀನ: ಸರಿ. ರಂಗಣ್ಣ, ನಿನ್ ಟೀ ಬಾಕೀಲಿ ಶೇ 40 ಇಳಿಸ್ತೀನಿ, ಬರ್ಕೋ.

ರಂಗಣ್ಣ: ದುಡ್ಡು?

ಸೀನ: ಗುರಿ ಅಣ್ಣ, ಗುರಿ!